ವಾರ್ಡನ್ ಪರಮಶಿವಯ್ಯನವರ ಪಟ್ಟಿ

ಚಾಮರಾಜಪೇಟೆಯ ಆ ಅಡ್ಡರಸ್ತೆಯ ಮೇಲೂ ಜಪಾನಿನವರು ಬಾಂಬು ಹಾಕುತ್ತಾರೆ ಎಂಬುದನ್ನು ಎಲ್ಲರಿಗಿಂತ ಮೊದಲು ನಂಬಿದವರು ಪರಮಶಿವಯ್ಯನವರು. ತರಗುಪೇಟೆಯಲ್ಲಿ ತೊಗರಿ, ಕಡಲೆ, ಅವರೆಕಾಳಿನ ಸಗಟು ಮಂಡಿ ಇಟ್ಟು ನಲವತ್ತು ವರ್ಷ ದುಡಿದವರು. ಈಗ ಮಂಡಿಯನ್ನು ಬಹುಮಟ್ಟಿಗೆ ಮಗ ಶಿವರುದ್ರಪ್ಪನಿಗೆ ಬಿಟ್ಟು ಜಗಲಿಯ ಮೇಲೆ ಕೂತಿದ್ದರು. ಹತ್ತು ಜನರಿಗೆ ಅಪ್ಪಣೆ ಕೊಟ್ಟು ರೂಢಿಯಾದ ಬಾಯಿಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದರು. ಅಂಥ ಹೊತ್ತಿನಲ್ಲಿ, ನಲವತ್ತೆರಡನೇ ಇಸವಿಯ ಏಪ್ರಿಲ್ ತಿಂಗಳಲ್ಲಿ, ವಿಶಾಖಪಟ್ಟಣದ ಮೇಲೆ ಬಾಂಬು ಬಿತ್ತು. ಮದರಾಸಿನ ಜನ ರೈಲುಗಟ್ಟಲೆ ಟ್ರಂಕು, ಹಾಸಿಗೆ ಸುರುಳಿಗಳ ಸಮೇತ ಬೆಂಗಳೂರಿಗೆ ಬಂದಿಳಿದರು. ವಿಮಾನ ದಾಳಿಯಾದರೆ ಜನರನ್ನು ಕಾಯಲು ಬೀದಿಗೊಬ್ಬ ವಾರ್ಡನ್ ಬೇಕು ಅಂತ ಸರ್ಕಾರದವರು ಹೇಳಿದರು. ಪರಮಶಿವಯ್ಯನವರು ಕರೆಯುವ ಮೊದಲೇ ಹೋಗಿ ನಿಂತರು.

ಅವರಿಗೆ ಒಂದು ತಗಡಿನ ಟೋಪಿ, ಒಂದು ಹಿತ್ತಾಳೆ ಸೀಟಿ, ಒಂದು ನೋಟುಬುಕ್ಕು ಸಿಕ್ಕಿದವು. ಟೋಪಿಯನ್ನು ನೋಡಿ ಹೆಂಡತಿ ವಿಶಾಲಾಕ್ಷಮ್ಮ, "ಹುಳಿ ಮಾಡೋ ಬೋಗುಣಿ ಇದ್ದಂಗಿದೆ" ಅಂದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ಮೂರು ಬೆರಳು ವಿಭೂತಿ ಎಳೆದ ಮೇಲೆ ಟೋಪಿ ಇಟ್ಟರೆ ವಿಭೂತಿ ಮುಚ್ಚಿಹೋಗುತ್ತಿತ್ತು. ಶಿವನನ್ನೂ ಬಿಡಲಾರದೆ ಸರ್ಕಾರವನ್ನೂ ಬಿಡಲಾರದೆ ಅವರು ಟೋಪಿಯನ್ನು ನೆತ್ತಿಯ ಹಿಂದಕ್ಕೆ ಸರಿಸಿಕೊಂಡು ಓಡಾಡಿದರು. ಅದು ಎಷ್ಟು ಸಲ ಬಿತ್ತು ಅನ್ನುವುದನ್ನು ಬೀದಿಯ ಹುಡುಗರು ಲೆಕ್ಕ ಇಟ್ಟಿದ್ದರು.

ಸೈರನ್ ಇನ್ನೂ ಬಂದಿರಲಿಲ್ಲ. ಬರುವುದರೊಳಗೆ ಅದರ ಭಾಷೆಯನ್ನು ಜನಕ್ಕೆ ಕಲಿಸಬೇಕಲ್ಲ! ಏರಿ ಇಳಿದು, ಏರಿ ಇಳಿದು ಕೂಗಿದರೆ ಅಪಾಯ, ಕಂದಕಕ್ಕೆ ಓಡಬೇಕು. ಒಂದೇ ಸಮನೆ ಉದ್ದಕ್ಕೆ ಎಳೆದರೆ ಅಪಾಯ ಕಳೆಯಿತು, ಮನೆಗೆ ಹೋಗಬಹುದು. ಇದನ್ನು ಪರಮಶಿವಯ್ಯನವರು ದಿನಾ ಸಂಜೆ ಜಗಲಿಯ ಮೇಲೆ ನಿಂತು ಸ್ವಂತ ಗಂಟಲಿನಿಂದಲೇ ಕೂಗಿ ತೋರಿಸಿದರು. ನಾಯಿಗಳು ಜೊತೆಗೂಡಿದವು. ಹಾಲು ಹಾಕುವ ಮುನಿಯಮ್ಮ ಬಂದು, "ಅಯ್ಯನೋರೆ, ಜಪಾನ್ನೋರು ಬರೋ ಹೊತ್ಗೆ ನನ್ನೆಮ್ಮೆ ಬತ್ತೋಗಿರ್ತದೆ, ವಸಿ ಮೆತ್ತಗೆ ಕೂಗಿ" ಅಂತ ಕೈ ಮುಗಿದಳು. ಅವಳನ್ನು ಜಗಲಿಯ ಮುಂದೆ ನಿಲ್ಲಿಸಿ ಎರಡು ಕೂಗನ್ನೂ ಕೇಳಿಸಿ, ಯಾವುದು ಯಾವುದೆಂದು ಒಪ್ಪಿಸಿಕೊಂಡೇ ಬಿಟ್ಟರು.

ನೋಟುಬುಕ್ಕಿನ ಕೆಲಸ ಇದಕ್ಕಿಂತ ದೊಡ್ಡದು. ಮನೆಮನೆಗೂ ಹೋಗಿ ಎಷ್ಟು ಜನ, ಅವರಲ್ಲಿ ನಡೆಯಲಾರದವರು ಯಾರು, ಕಣ್ಣು ಕಾಣದವರು ಯಾರು, ಕಿವಿ ಕೇಳದವರು ಯಾರು, ಸೈರನ್ ಆದಾಗ ಅವರನ್ನು ಕರೆತರುವವರು ಯಾರು, ಎಲ್ಲವನ್ನೂ ಬರೆಯಬೇಕು. ಪಕ್ಕದ ಮನೆ ಶೀನಣ್ಣನ ತಾಯಿ ಆಂಡಾಳ್ ಅಮ್ಮನಿಗೆ ಎಪ್ಪತ್ತೆಂಟು. ಕಿವಿ ಪೂರಾ ಹೋಗಿತ್ತು. ಶೀನಣ್ಣ ಮಾತ್ರ, "ಅಮ್ಮಂಗೆ ಸ್ವಲ್ಪ ಮಂದ ಅಷ್ಟೇ ಸ್ವಾಮಿ, ಬರೀಬೇಡಿ, ನೊಂದ್ಕೋತಾಳೆ" ಅಂದ. ಪರಮಶಿವಯ್ಯನವರು ನಡುಬೀದಿಗೆ ಕೇಳುವ ಹಾಗೆ, "ಕಿವಿ ಕೇಳ್ಸದೇ ಇರೋದು ಕಳ್ಳಮಾಲೇನಯ್ಯಾ ಮುಚ್ಚಿಡೋಕೆ? ನೀನು ಮುಚ್ಚಿಟ್ರೆ ಆಯಮ್ಮ ಸಾಯ್ತಾಳೆ, ಅಷ್ಟೇ" ಅಂತ ಗದರಿ ಬರೆದುಕೊಂಡರು. ಶೀನಣ್ಣ ಗುಮಾಸ್ತೆ ಕೆಲಸದವನು, ಮೆತ್ತನೆ ಮನುಷ್ಯ. ತಲೆ ತಗ್ಗಿಸಿ ಒಳಗೆ ಹೋದ.

ಎಲ್ಲ ಮನೆ ಮುಗಿಸಿ ಬಂದು ಪರಮಶಿವಯ್ಯನವರು ತಮ್ಮ ಮನೆಯ ಸಾಲು ಬರೆದರು: ಐದು ಜನ, ಎಲ್ಲರೂ ಸುಖ. ದೀಪದ ಬುಡದಲ್ಲೇ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ಐದನೆಯ ಜೀವ ಮಹಾನಂದ, ಶಿವರುದ್ರಪ್ಪ ಮತ್ತು ಗಿರಿಜಾಂಬಾಳ ಮಗಳು, ನಾಲ್ಕು ವರ್ಷದ್ದು. ದುಂಡು ಮುಖ, ಚುರುಕು ಕಣ್ಣು. ಒಂದು ಮಾತೂ ಆಡಿರಲಿಲ್ಲ. "ನಮ್ಮನೇಲಿ ಎಲ್ರೂ ನಿಧಾನವಾಗಿ ಮಾತಾಡಿದೋರೇ, ಶಿವರುದ್ರ ಬಾಯಿ ಬಿಟ್ಟಿದ್ದು ಐದಕ್ಕೆ" ಎಂಬುದು ಅಜ್ಜನ ತೀರ್ಪು. ಕಿವಿಯ ಮಾತು ಬಂದರೆ ಅವರ ಹತ್ತಿರ ಪುರಾವೆಯೂ ಇತ್ತು. ಸಂಜೆ ಮಹಡಿ ಹತ್ತಿ ಬಂದು, ಊರುಗೋಲನ್ನು ಹಲಗೆ ನೆಲಕ್ಕೆ ಠಕ್ಕೆಂದು ಕುಟ್ಟಿ, "ನಂದಾ!" ಅನ್ನುವರು. ಬೆನ್ನು ಹಾಕಿ ಆಡುತ್ತಿದ್ದ ಮಗು ತಕ್ಷಣ ತಿರುಗಿ, ನಕ್ಕು, ಓಡಿಬಂದು ಕಾಲು ತಬ್ಬಿಕೊಳ್ಳುವುದು. "ನೋಡಿದ್ರಾ? ಅಜ್ಜನ ದನಿ ಹೆಂಗೆ ಹಿಡೀತಾಳೆ!" ಆ ಒಂದು ಗಳಿಗೆಗೋಸ್ಕರ ಅವರು ಮೊಣಕಾಲು ನೋವಿನಲ್ಲೂ ದಿನಾ ಮಹಡಿ ಹತ್ತುತ್ತಿದ್ದರು. ಮಗುವಿನ ಮೇಲೆ ಅವರಿಗೆ ಅಷ್ಟು ಪ್ರಾಣ.

ಗಿರಿಜಾಂಬಾಗೆ ಸತ್ಯ ಗೊತ್ತಿತ್ತು. ಮಗುವಿಗೆ ಹತ್ತು ತಿಂಗಳಿದ್ದಾಗ ಬಚ್ಚಲಿನ ಹಂಡೆಯ ಮುಚ್ಚಳ ಕಲ್ಲಿನ ಮೇಲೆ ಬಿದ್ದು ಮನೆಯೆಲ್ಲ ಬೆಚ್ಚಿತ್ತು. ತೊಡೆಯ ಮೇಲಿದ್ದ ಮಗು ಮಾತ್ರ ಹಾಲು ಕುಡಿಯುವುದನ್ನು ನಿಲ್ಲಿಸಿರಲಿಲ್ಲ. ಅವಳು ಮಾವನಿಗೆ ಮೂರು ಸಲ ಹೇಳಲು ಹೋಗಿದ್ದಳು. ಮೊದಲ ಸಲ ಅವರು ನಕ್ಕರು, ಎರಡನೆಯ ಸಲ ಸಿಟ್ಟಾದರು. ಮೂರನೆಯ ಸಲ, "ಹೆತ್ತ ತಾಯಿ ಇಂಥ ಅಪಶಕುನ ನುಡೀಬಾರ್ದು" ಅಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಮುಂದೆ ನಾಲ್ಕನೆಯದನ್ನು ಎಷ್ಟು ಸಲ ತೋರಿಸುವುದು? ಅವಳು ಬಾಯಿ ಮುಚ್ಚಿ ಮಗುವಿನ ಬೆನ್ನು ಹತ್ತಿದಳು. ನೀರು ಸೇದಲು ಹೋದರೆ ಮಗು ಸೊಂಟದಲ್ಲಿ, ಅಡುಗೆಗೆ ಕೂತರೆ ಮಗು ಕಣ್ಣಳತೆಯಲ್ಲಿ. ಮದುವೆ ಮುಂಜಿಗೆ ಹೋಗಲಿಲ್ಲ, ತವರಿಗೂ ಹೋಗಲಿಲ್ಲ. "ಮಗೂನ ಸೆರಗಿಗೆ ಗಂಟು ಹಾಕ್ಕೊಂಡಿದಾಳೆ, ಪ್ರಪಂಚದಲ್ಲಿ ಇವಳೊಬ್ಬಳೇ ಹೆತ್ತಿರೋದು" ಅಂತ ವಿಶಾಲಾಕ್ಷಮ್ಮ ಕೊಂಕು ನುಡಿಯುತ್ತಿದ್ದರು.

ಈಗ ಪಟ್ಟಿಯಲ್ಲಿ ಆಂಡಾಳ್ ಅಮ್ಮನನ್ನು ಕರೆತರುವವರ ಹೆಸರು ಬೇಕಾಯಿತು. ಹಗಲು ಹೊತ್ತು ಶೀನಣ್ಣ ಆಫೀಸಿನಲ್ಲಿ. ಪರಮಶಿವಯ್ಯನವರು ಗಿರಿಜಾಂಬಾಳ ಹೆಸರು ಬರೆದರು.

"ಮಾವನೋರೆ, ಬೇರೆ ಯಾರನ್ನಾದ್ರೂ ಹಾಕಿ. ನಾನು ಮಗೂನ ಬಿಟ್ಟು ಹೋಗೋಕಾಗಲ್ಲ" ಅಂದಳು ಅವಳು. ಮಾವನ ಮಾತಿಗೆ ಎದುರಾಡಿದ್ದು ಅದೇ ಮೊದಲು.

"ವಾರ್ಡನ್ ಮನೆಯೋರೇ ಹಿಂಗಂದ್ರೆ ಬೀದಿಯೋರು ನನ್ನ ಮುಖಕ್ಕೆ ಉಗೀತಾರೆ. ಸೈರನ್ ಎರಡು ಮೈಲಿಗೆ ಕೇಳತ್ತಂತೆ, ನಮ್ಮ ನಂದಾಗೆ ಕೇಳ್ಸಲ್ವಾ? ಅವಳಜ್ಜಿ ಕರ್ಕೊಂಡ್ ಬರ್ತಾಳೆ, ನೀನು ಹೇಳಿದ್ದು ಮಾಡು."

ಮೊದಲ ಸೈರನ್ ಪರೀಕ್ಷೆ ಒಂದು ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಇತ್ತು. ಮೂರೂವರೆಗೇ ಪರಮಶಿವಯ್ಯನವರು ಟೋಪಿ ಇಟ್ಟು, ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಬೀದಿಗಿಳಿದಿದ್ದರು. ನಾಲ್ಕು ಹೊಡೆಯಿತು. ಎಲ್ಲೋ ದೂರದ ಮಾಳಿಗೆಯ ಮೇಲಿಂದ ಆ ಕೂಗು ಎದ್ದಿತು ನೋಡಿ! ಪರಮಶಿವಯ್ಯನವರ ಗಂಟಲು ಅದರ ಮುಂದೆ ಏನೂ ಅಲ್ಲ. ಮಕ್ಕಳು ಕಿರುಚಿದವು, ಕಾಗೆಗಳು ಮರ ಬಿಟ್ಟೆದ್ದವು. ಜನ ಬೀದಿಯ ಕೊನೆಯ ಬಯಲಿನಲ್ಲಿ ತೋಡಿದ್ದ ಕಂದಕದ ಕಡೆ ಓಡಿದರು. ವಿಶಾಲಾಕ್ಷಮ್ಮ ಮೆಟ್ಟಿಲ ಕೆಳಗೆ ನಿಂತು, "ನಂದಾ, ಬಾರೇ" ಅಂತ ಎರಡು ಸಲ ಕೂಗಿದರು. ಉತ್ತರವಿಲ್ಲ. ತಾಯಿಯ ಜೊತೆ ಹೋಗಿರಬೇಕು ಅಂದುಕೊಂಡು ಒಡವೆಯ ಪೆಟ್ಟಿಗೆ ಅವುಚಿಕೊಂಡು ಓಡಿದರು.

ಮಗು ಆಗಲೇ ಬೀದಿಯಲ್ಲಿತ್ತು. ನಟ್ಟನಡುವೆ ಕುಕ್ಕರಗಾಲಲ್ಲಿ ಕೂತು, ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುತ್ತಿತ್ತು.

ಅದೇ ಹೊತ್ತಿಗೆ ಮುಖ್ಯರಸ್ತೆಯ ಮೂಲೆಯಿಂದ ಒಂದು ಜಟಕಾ ನುಗ್ಗಿಬಂತು. ಸೈರನ್ನಿಗೆ ಬೆದರಿದ ಕುದುರೆ ಲಗಾಮಿಗೆ ಬಗ್ಗದೆ ಕಿವಿ ಮಲಗಿಸಿ ಓಡುತ್ತಿತ್ತು. ಜಟಕಾದವನು ಎದ್ದು ನಿಂತು, "ಹಟೋ, ಹಟೋ" ಅಂತ ಅರಚುತ್ತಿದ್ದ. ಪರಮಶಿವಯ್ಯನವರು ಮಗುವಿನಿಂದ ಮೂವತ್ತು ಹೆಜ್ಜೆ ದೂರದಲ್ಲಿದ್ದರು. ಅವರು ಸೀಟಿ ಊದಿದರು. ಮಗು ತಿರುಗಲಿಲ್ಲ. ಕೆನ್ನೆ ಉಬ್ಬಿಸಿ ಕಣ್ಣು ಹೊರಬರುವ ಹಾಗೆ ಮತ್ತೆ ಊದಿದರು. ಸೀಟಿ ಉಗುಳಿ, "ನಂದಾ! ನಂದಾ!" ಅಂತ ಕೂಗಿ, ಮತ್ತೆ ಸೀಟಿ ಬಾಯಿಗಿಟ್ಟು ಊದಿದರು. ಕೋಲಿನಿಂದ ಮಣ್ಣಿನ ರಸ್ತೆಯನ್ನು ಕುಟ್ಟಿದರು. ಮಗು ಇನ್ನೊಂದು ಬೀಜವನ್ನು ನೆಟ್ಟಗೆ ಮಾಡಿತು. ಊದುವುದನ್ನು ಬಿಟ್ಟು ಓಡಬೇಕು ಅಂತ ಪುಣ್ಯಾತ್ಮರಿಗೆ ಹೊಳೆಯಲೇ ಇಲ್ಲ.

ಓಡಿದವಳು ಗಿರಿಜಾಂಬಾ. ಆಂಡಾಳ್ ಅಮ್ಮನ ಕೈ ಹಿಡಿದು ಪಕ್ಕದ ಮನೆ ಮೆಟ್ಟಿಲು ಇಳಿಸುತ್ತಿದ್ದವಳು ಮುದುಕಿಯನ್ನು ಅಲ್ಲೇ ಬಿಟ್ಟು, ಸೀರೆ ಮೊಣಕಾಲಿಗೆ ಎತ್ತಿ, ಕುದುರೆಯ ಮುಂದೆಯೇ ಹಾರಿ ಮಗುವನ್ನು ಬಾಚಿಕೊಂಡು ಎದುರು ಚರಂಡಿಗೆ ಉರುಳಿದಳು. ಜಟಕಾದ ಚಕ್ರ ಹುಣಸೆಬೀಜಗಳ ಮೇಲೆ ಹಾದು ಹೋಯಿತು. ತಾಯಿಯ ಮೊಣಕೈಯಲ್ಲಿ ರಕ್ತ. ಮಗುವಿಗೆ ತರಚು ಗಾಯವೂ ಇಲ್ಲ. ಅದು ಪಿಳಿಪಿಳಿ ನೋಡಿ, ಬೀಜ ಚೆಲ್ಲಾಪಿಲ್ಲಿಯಾಗಿದ್ದಕ್ಕೆ ಅಳತೊಡಗಿತು. ಸೈರನ್ ಇನ್ನೂ ಏರಿ ಇಳಿಯುತ್ತಲೇ ಇತ್ತು.

ಅಪಾಯ ಕಳೆದ ಕೂಗು ಆದಮೇಲೆ ಜನ ಮನೆಗಳಿಗೆ ಹೋದರು. ನಡೆದದ್ದನ್ನು ಕಂದಕದ ದಡದಿಂದ ಎಲ್ಲರೂ ನೋಡಿದ್ದರು. ಪರಮಶಿವಯ್ಯನವರು ಕತ್ತಲಾಗುವವರೆಗೆ ಜಗಲಿಯಲ್ಲಿ ಕೂತಿದ್ದು, ಆಮೇಲೆ ಮಹಡಿ ಹತ್ತಿದರು. ಮಗು ದೀಪದ ಬೆಳಕಿನಲ್ಲಿ ಬೆನ್ನು ಹಾಕಿ ಆಡುತ್ತಿತ್ತು. ಕೋಲನ್ನು ಕೆಳಗೇ ಬಿಟ್ಟು ಬಂದಿದ್ದರು. ಬರಿಗಾಲಲ್ಲಿ ಮೆಲ್ಲಗೆ ನಿಂತು, "ನಂದಾ" ಅಂದರು. ಮಗು ಆಡುತ್ತಲೇ ಇತ್ತು. "ನಂದಾ, ಅಜ್ಜ ಕಣೇ." ಇಲ್ಲ. ಇನ್ನೂ ಜೋರಾಗಿ, ಮನೆಯೆಲ್ಲ ಕೇಳುವ ಹಾಗೆ ಕೂಗಿದರು. ಇಲ್ಲ. ಆಮೇಲೆ ತುಟಿ ಬಿಗಿಹಿಡಿದು, ಒಂದು ಮಾತೂ ಆಡದೆ, ಹಿಮ್ಮಡಿಯಿಂದ ಹಲಗೆಯನ್ನು ಒಂದು ಸಲ ಕುಟ್ಟಿದರು.

ಮಗು ತಿರುಗಿತು, ನಕ್ಕಿತು, ಓಡಿಬಂದು ಕಾಲು ತಬ್ಬಿಕೊಂಡಿತು.

ನಾಲ್ಕು ವರ್ಷ ತಮ್ಮ ದನಿ ಅಂದುಕೊಂಡಿದ್ದೆಲ್ಲ ಹಲಗೆಯ ನಡುಕ ಅಂತ ಆಗ ಅವರಿಗೆ ತಿಳಿಯಿತು. ಅವರು ಅಲ್ಲೇ ನೆಲಕ್ಕೆ ಕುಸಿದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗಳಗಳ ಅತ್ತುಬಿಟ್ಟರು. ಹೆಂಡತಿಯ ಮುಂದೆಯೂ ಅತ್ತವರಲ್ಲ. ಕೂಗು ಕೇಳಿ ಮೇಲೆ ಬಂದಿದ್ದ ಗಿರಿಜಾಂಬಾ ಬಾಗಿಲಲ್ಲಿ ನಿಂತಿದ್ದಳು.

"ನಂಗೆ ಯಾಕಮ್ಮ ಹೇಳ್ಲಿಲ್ಲ?" ಅಂದರು.

"ಹೇಳಿದ್ದೆ ಮಾವನೋರೆ. ಮೂರು ಸಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಮೊಣಕೈಗೆ ಅರಿಶಿನ ಮೆತ್ತಿದ್ದ ಸೊಸೆಯ ಮುಖವನ್ನು ತಲೆ ಎತ್ತಿ ನೋಡುವ ಧೈರ್ಯ ಅವರಿಗಾಗಲಿಲ್ಲ.

ಸೋಮವಾರ ಮನಸ್ಸು ತಡೆಯದೆ ಮಂಡಿಗೆ ಹೋದರು. ಗಾಡಿಗಳ ಗದ್ದಲ, ಹಮಾಲಿಗಳ ಕೂಗಾಟ. ಆ ಗಲಾಟೆಯ ನಡುವೆ ಕೋಲಾರದ ಕಡೆಯ ದಲ್ಲಾಳಿ ಮಾಯಣ್ಣ ಬಂದು, ರೂಢಿಯಂತೆ ಹೆಗಲ ಟವೆಲನ್ನು ಇಬ್ಬರ ಕೈ ಮೇಲೂ ಹಾಕಿ, ಕೆಳಗೆ ಅವರ ಬೆರಳು ಹಿಡಿದ. ತರಗುಪೇಟೆಯಲ್ಲಿ ಧಾರಣೆಯನ್ನು ಬಾಯಲ್ಲಿ ಹೇಳುವವರು ದಡ್ಡರು. ಒಂದು ಬೆರಳು ಒತ್ತಿದರೆ ಒಂದು, ಇಡೀ ಕೈ ಹಿಡಿದರೆ ಐದು, ಮುಷ್ಟಿ ಮಡಿಸಿದರೆ ಒಲ್ಲೆ. ಪರಮಶಿವಯ್ಯನವರು ಎರಡು ಬೆರಳು ಒತ್ತಿದರು, ಮಾಯಣ್ಣ ಮೂರು ಹಿಡಿದ. ಅಷ್ಟರಲ್ಲಿ ಇವರು ಕೈಯನ್ನು ಟವೆಲಿನ ಕೆಳಗೇ ಬಿಟ್ಟು ಬೆರಳಾಡಿಸುವುದನ್ನು ನಿಲ್ಲಿಸಿದರು. "ಏನ್ ಯಜಮಾನ್ರೆ, ಅವರೆ ಬೇಡ್ವಾ?" ಅಂದ ಮಾಯಣ್ಣ. ನಲವತ್ತು ವರ್ಷ ಒಂದು ಮಾತೂ ಆಡದೆ ಮೂಟೆಗಟ್ಟಲೆ ಮಾತಾಡಿದ ಕೈ ಇದು ಎಂದು ಯೋಚಿಸುತ್ತಿದ್ದ ಅವರಿಗೆ ಅವರೆ ಬೇಕಿರಲಿಲ್ಲ. ಧಾರಣೆ ಮುಗಿಸದೆ ಮನೆಗೆ ನಡೆದರು.

ಅಂದಿನಿಂದ ಅಜ್ಜ ಮೊಮ್ಮಗಳ ಪಾಠ ಶುರುವಾಯಿತು. ಕಿರುಬೆರಳು ಹಿಡಿದರೆ ಅಮ್ಮ. ಎರಡು ಬೆರಳು ಹಿಡಿದರೆ ಊಟ. ಮಣಿಕಟ್ಟನ್ನು ಬಿಗಿಯಾಗಿ ಹಿಡಿದರೆ, ಕೈಲಿದ್ದದ್ದನ್ನು ಬಿಟ್ಟು ಹಿಡಿದವರ ಜೊತೆ ಓಡಬೇಕು. ಮೊದಲೆರಡು ದಿನ ಮಗು ಕೈ ಕಿತ್ತುಕೊಂಡಿತು. ಹತ್ತು ದಿನ ಕಳೆಯುವುದರೊಳಗೆ ಲಿಂಗಪೂಜೆಗೆ ಕೂತ ಅಜ್ಜನ ಎರಡು ಬೆರಳು ಹಿಡಿದು ಜಗ್ಗತೊಡಗಿತು. ಹಸಿವೆ! ಹುಟ್ಟಿದಂದಿನಿಂದ ಅದು ಆಡಿದ ಮೊದಲ ಮಾತು. ಪರಮಶಿವಯ್ಯನವರು ಪೂಜೆ ಮಧ್ಯದಲ್ಲೇ ಎದ್ದು, "ಗಿರಿಜಾ, ಮಗು ಊಟ ಕೇಳ್ತು, ಬಡಿಸಮ್ಮ" ಅಂತ ಅಡುಗೆಮನೆಗೆ ಓಡಿದರು. ಶಿವ ಅದನ್ನು ಅಪಚಾರ ಅಂದುಕೊಂಡಿರಲಾರ.

ಆದರೆ ಕೈ ಹಿಡಿಯಬೇಕಾದರೆ ಹಿಡಿಯುವವರು ಹತ್ತಿರ ಇರಬೇಕು. ಮಗು ಬೀದಿಯಲ್ಲಿದ್ದಾಗ ಯಾರು ಹತ್ತಿರವೋ ಅವರಿಗೆ ವಿಷಯ ಗೊತ್ತಿರಬೇಕು. ಅಂದರೆ ಬೀದಿಗೆಲ್ಲ ಹೇಳಬೇಕು.

"ಹೇಳಿದ್ರೆ ಮುಗೀತು" ಅಂತ ವಿಶಾಲಾಕ್ಷಮ್ಮ ಬಾಗಿಲಿಗೆ ಅಡ್ಡ ನಿಂತರು. "ಕಂಡಿದ್ದು ಬೇರೆ, ನಾವೇ ಬಾಯಿಬಿಟ್ಟು ಹೇಳೋದು ಬೇರೆ. ಹೆಣ್ಣು ಮಗು ಕಣ್ರೀ. ನಾಳೆ ಯಾರು ಕಟ್ಕೋತಾರೆ?"

"ನಾಳೆ ಕಟ್ಕೊಳೋರು ಬರ್ಬೇಕಾದ್ರೆ ಇವತ್ತು ಬದುಕಿರ್ಬೇಕಲ್ಲೇ" ಅಂದರು ಪರಮಶಿವಯ್ಯನವರು. ಟೋಪಿ ಇಡದೆ, ಸೀಟಿ ಹಿಡಿಯದೆ, ಮಗುವಿನ ಕೈ ಹಿಡಿದು ಇಳಿದರು.

ಅಂದು ಭಾನುವಾರ. ಮೊದಲು ಹೋದದ್ದು ಶೀನಣ್ಣನ ಮನೆಗೆ. ಕಷ್ಟದ ಬಾಗಿಲನ್ನು ಮೊದಲು ತಟ್ಟಿದರೆ ಉಳಿದವು ಹಗುರ. "ಶೀನಣ್ಣ, ಇವಳಿಗೆ ಕಿವಿ ಕೇಳ್ಸಲ್ಲ. ಹುಟ್ಟಿನಿಂದ್ಲೂ. ನಾನೇ ಒಪ್ಕೊಂಡಿರ್ಲಿಲ್ಲ" ಅಂದು, ಬೈಸಿಕೊಳ್ಳಲು ತಯಾರಾಗಿ ನಿಂತರು. ಶೀನಣ್ಣ ಒಂದು ಚುಚ್ಚುಮಾತೂ ಆಡಲಿಲ್ಲ. "ಒಳಗೆ ಬನ್ನಿ ಸ್ವಾಮಿ, ಬಿಸಿಲಿದೆ" ಅಂದ. ಮಣಿಕಟ್ಟು ಹಿಡಿಯುವ ಕ್ರಮವನ್ನು ತೋರಿಸಿದಾಗ ಮೂಲೆಯಲ್ಲಿದ್ದ ಆಂಡಾಳ್ ಅಮ್ಮ ಹತ್ತಿರ ಬಂದು ಮಗುವಿನ ಕೈಯನ್ನೂ ಅವರ ಕೈಯನ್ನೂ ನೋಡಿದರು. ವಿಷಯ ಹೇಗೋ ತಿಳಿಯಿತು. "ನಂಗೂ ಹೀಗೇ ಹಿಡೀರೋ! ಕಿವೀಲಿ ಬಾಯಿಟ್ಟು ಅರಚ್ತೀರಿ, ಎಂಜಲು ಸಿಡಿಯತ್ತೆ" ಅಂತ ಮಗನಿಗೆ ಗದರಿದರು. ಮಗು ತಾನೇ ಮುಂದೆ ಹೋಗಿ ಮುದುಕಿಯ ಮಣಿಕಟ್ಟು ಹಿಡಿದು ಬಾಗಿಲ ಕಡೆ ಎಳೆಯಿತು. ಎಲ್ಲರೂ ನಕ್ಕರು. ಆ ದಿನ ಪರಮಶಿವಯ್ಯನವರು ಇಪ್ಪತ್ತೆರಡು ಮನೆ ಹತ್ತಿದರು. ಪ್ರತಿ ಮನೆಯಲ್ಲೂ ಅದೇ ಮಾತು ಹೇಳಿದರು. ಸಂಜೆ ನೋಟುಬುಕ್ಕಿನಲ್ಲಿ ತಮ್ಮ ಮನೆಯ ಸಾಲನ್ನು ಹೊಡೆದು ಹೊಸದಾಗಿ ಬರೆದರು. ಕರೆತರುವವರು ಎಂಬ ಕಡೆ, ಬೀದಿಯವರು ಎಂದು ಬರೆದರು.

ಎರಡನೆಯ ಪರೀಕ್ಷೆ ಜೂನ್ ತಿಂಗಳ ಒಂದು ಮಧ್ಯಾಹ್ನ, ಯಾವ ಮುನ್ಸೂಚನೆಯೂ ಇಲ್ಲದೆ ಬಂತು. ಮೇಲಧಿಕಾರಿ ರಾಮಸ್ವಾಮಿಯವರು ಗಡಿಯಾರ ಹಿಡಿದು ಕಂದಕದ ದಡದಲ್ಲಿ ನಿಂತಿದ್ದರು. ಕೂಗು ಎದ್ದ ಕೂಡಲೆ, ಬೀದಿಯಲ್ಲಿ ಆಡುತ್ತಿದ್ದ ಮಹಾನಂದಳ ಕಡೆ ನಾಲ್ಕು ಬಾಗಿಲಿಂದ ನಾಲ್ಕು ಜನ ಓಡಿದರು. ಮೊದಲು ತಲುಪಿದವಳು ಮುನಿಯಮ್ಮ. ಸಗಣಿ ಕೈಯಲ್ಲೇ ಮಣಿಕಟ್ಟು ಹಿಡಿದಳು. ಮಗು ಇದ್ದದ್ದನ್ನು ಬಿಟ್ಟು ಅವಳ ಜೊತೆ ಓಡಿತು, ನಗುತ್ತ. ಆ ಕೂಗಿಗೆ ನಕ್ಕ ಜೀವ ಇಡೀ ಬೆಂಗಳೂರಿನಲ್ಲಿ ಅದೊಂದೇ ಇರಬೇಕು. ಶೀನಣ್ಣ ಅಂದು ರಜೆಯಲ್ಲಿದ್ದ, ತಾಯಿಯನ್ನು ಅವನೇ ತಂದ. ಪರಮಶಿವಯ್ಯನವರು ಕೆಲಸಕ್ಕೆ ಹೋದವರನ್ನು ಬಿಟ್ಟು ಕಂದಕದ ಉದ್ದಕ್ಕೂ ತಲೆ ಎಣಿಸಿದರು. ಒಂದು ಕಡಿಮೆ. ಮತ್ತೆ ಎಣಿಸಿದರು. ಗಿರಿಜಾಂಬಾ ಇರಲಿಲ್ಲ.

ಮೊಣಕಾಲು ನೋವನ್ನೂ ಮರೆತು ಮನೆಗೆ ಓಡಿದರು. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ, ಅರ್ಧ ಕೇರಿದ ಅಕ್ಕಿಯ ಮೊರದ ಪಕ್ಕ, ತೋಳನ್ನೇ ದಿಂಬು ಮಾಡಿಕೊಂಡು ಗಿರಿಜಾಂಬಾ ಬರಿನೆಲದ ಮೇಲೆ ಮಲಗಿದ್ದಳು. ಅವರು ಗಾಬರಿಯಿಂದ ಬಗ್ಗಿ ನೋಡಿದರು. ಉಸಿರಾಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ಕಲ್ಲಿನ ಹಾಗೆ ನಿದ್ದೆಹೋಗಿದ್ದಳು. ತಲೆಯ ಮೇಲೆ ಸೈರನ್ ಏರಿ ಇಳಿದು ಸೂರು ಹಾರುವಂತೆ ಕೂಗುತ್ತಿತ್ತು.

ಅಭ್ಯಾಸಬಲದಿಂದ ಸೀಟಿ ಬಾಯಿಗೆ ಹೋಯಿತು. ಹಾಗೇ ಕೆಳಗಿಳಿಯಿತು. ಈ ಹುಡುಗಿ ಹಗಲು ಹೊತ್ತು ಕಣ್ಣು ಮುಚ್ಚಿದ್ದನ್ನು ತಾವು ಯಾವಾಗಲಾದರೂ ನೋಡಿದ್ದುಂಟೇ ಅಂತ ಅವರು ನೆನಪು ಮಾಡಿಕೊಂಡರು. ಬಸಿರು ಬಾಣಂತನದಲ್ಲಿ ನೋಡಿದ್ದರೇನೋ. ಆಮೇಲೆ ಇಲ್ಲ. ಎರಡು ಜೀವಕ್ಕೆ ಒಬ್ಬಳೇ ಕಿವಿಯಾಗಿ ಮೂರು ವರ್ಷ ಎಚ್ಚರವಿದ್ದಳು. ಇವತ್ತು ಮಗುವನ್ನು ಬೀದಿಗೆ ಬಿಟ್ಟು, ನಂಬಿ, ಮಲಗಿದ್ದಾಳೆ. ಅವರು ಸದ್ದಾಗದ ಹಾಗೆ ಟೋಪಿ ತೆಗೆದಿಟ್ಟು, ಮುಂಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ಹೊಸ್ತಿಲ ಹೊರಗೆ ಕೂತರು.

ಅಪಾಯ ಕಳೆದ ಕೂಗಿಗೂ ಅವಳು ಏಳಲಿಲ್ಲ. ರಾಮಸ್ವಾಮಿಯವರು ಪುಸ್ತಕ ಹಿಡಿದು ಬಂದರು. "ಏನ್ ವಾರ್ಡನ್, ನಿಮ್ಮ ಮನೇಲೇ ಒಬ್ರು ಕಮ್ಮಿ? ಸೈರನ್ ಆದಾಗ ಎಲ್ಲಿದ್ರು?"

"ಒಳಗೇ ಇದ್ಲು ಸಾರ್. ನಮ್ಮ ಸೊಸೆ. ಮಲಗಿದಾಳೆ."

"ಮಲಗಿದಾರಾ?" ರಾಮಸ್ವಾಮಿಯವರ ದನಿ ಏರಿತು. "ನೀವು ಎಬ್ಬಿಸ್ಲಿಲ್ವಾ? ಇದು ನಿಮ್ಮ ಹೆಸರಿಗೇ ತಪ್ಪು ಬೀಳತ್ತೆ, ಗೊತ್ತಲ್ವಾ?"

"ಗೊತ್ತು ಸಾರ್, ಬರ್ಕೊಳ್ಳಿ" ಅಂದರು ಪರಮಶಿವಯ್ಯನವರು, ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ. "ಸ್ವಲ್ಪ ಮೆಲ್ಲಗೆ ಮಾತಾಡಿ."